ಕೊಂಡಪ್ಪನ ತೊಟ್ಟಿಗೆ ಬಾಗಿಲು

ಬೂದಿಗೆರೆಯಲ್ಲಿ ಊರು ಮುಗಿದು ಹೊಲ ಶುರುವಾಗುವ ಕಡೆ ಕೊಂಡಪ್ಪನವರ ಮನೆ. ಮನೆ ತಗ್ಗಿನಲ್ಲಿ, ದ್ರಾಕ್ಷಿ ತೋಟ ದಿಣ್ಣೆಯ ಮೇಲೆ, ಬಾವಿ ಎರಡರ ನಡುವೆ. ಆ ಮನೆಯ ಹಿತ್ತಿಲಲ್ಲಿ ಒಂದು ತೊಟ್ಟಿ ಇತ್ತು. ದನ ನೀರು ಕುಡಿಯುವ ತೊಟ್ಟಿಯಲ್ಲ, ಮನುಷ್ಯ ಇಳಿದು ಎದೆಮಟ್ಟದ ನೀರಿನಲ್ಲಿ ಓಡಾಡುವಂಥದ್ದು. ಉದ್ದಕ್ಕೆ ಎರಡು ಎತ್ತಿನ ಗಾಡಿಗಳನ್ನು ನೊಗದ ಸಮೇತ ನಿಲ್ಲಿಸಬಹುದಾಗಿತ್ತು. ಒಂದು ಮೂಲೆಯಲ್ಲಿ ಇಳಿಯಲು ಕಲ್ಲಿನ ಮೆಟ್ಟಿಲು, ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಪೈಪು. ಊರಿನವರು ಅದಕ್ಕೆ ‘ಕೊಂಡಪ್ಪನ ಕಲ್ಯಾಣಿ’ ಎಂದು ಹೆಸರಿಟ್ಟಿದ್ದರು. ಹೆಸರಿಡುವುದರಲ್ಲಿ ಊರಿನವರಿಗೆ ಎಂದೂ ಬಡತನವಿಲ್ಲ.

ತೊಟ್ಟಿ ಬಂದದ್ದು ಹುಲ್ಲಿನ ಮೆದೆಯಿಂದ. ರಾಗಿ ಹುಲ್ಲಿನ ಮೆದೆ ಒಟ್ಟುವಾಗ ಕೊಂಡಪ್ಪ ತುದಿಯಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂಳೆ ಕೂಡಿಕೊಂಡಿತು, ಆದರೆ ಕಾಲು ಮಾತು ಕೇಳಲಿಲ್ಲ. “ನೆಲದ ಮೇಲೆ ನಡೆಸಬೇಡಿ, ಎದೆಮಟ್ಟದ ನೀರಿನಲ್ಲಿ ದಿನಾ ನಡೆಸಿ. ಮೈಯ ಭಾರ ನೀರು ಹೊರುತ್ತೆ, ಕಾಲು ತನ್ನ ಕೆಲಸ ತಾನು ಕಲಿಯುತ್ತೆ” ಎಂದರು ಡಾಕ್ಟರು. ಕೆರೆಯಲ್ಲಿ ಕೆಸರು. ಬಾವಿಯ ಮೆಟ್ಟಿಲು ಗಟ್ಟಿ ಕಾಲಿನವರಿಗೇ ಕಷ್ಟ. ಹಾಗಾಗಿ ಮಗ ಬೈರಣ್ಣ ಗಾರೆಯವರನ್ನು ಕರೆಸಿ, ಅಪ್ಪ ಜಗುಲಿಯಿಂದ ಹೆಚ್ಚು ದೂರ ಹೋಗಬೇಕಾಗದಂತೆ ಹಿತ್ತಿಲಲ್ಲೇ ತೊಟ್ಟಿ ಕಟ್ಟಿಸಿದ. ಬಾವಿಯ ಕರೆಂಟ್ ಮೋಟಾರಿನಿಂದ ಅದಕ್ಕೆ ಪೈಪು ಎಳೆಸಿದ.

ಮೊದಲ ಸಲ ನೀರು ತುಂಬಿದ ದಿನ ಕೊಂಡಪ್ಪನವರ ಹೆಂಡತಿ ಮುನಿತಾಯಮ್ಮ ಗಂಗೆಪೂಜೆ ಮಾಡಿದಳು. ಆಕೆಯ ಲೆಕ್ಕದಲ್ಲಿ ನೀರು ಎಂದರೆ ಬರೀ ನೀರಲ್ಲ. ಬೆಳಿಗ್ಗೆ ಮೊದಲ ಕೊಡ ಸೇದುವಾಗಲೂ ಬಾವಿಗೆ ಕೈಮುಗಿದೇ ಹಗ್ಗ ಹಿಡಿಯುವ ಜೀವ ಅದು. ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ವೀಳ್ಯದೆಲೆ ಎಲ್ಲವನ್ನೂ ಒಪ್ಪಿಸಿ, ತೊಟ್ಟಿಯ ದಂಡೆಯಲ್ಲಿ ದೀಪ ಹಚ್ಚಿ ಬೇಡಿಕೊಂಡಳು: “ತಾಯಿ ಗಂಗಮ್ಮ, ಇವ್ರ ಕಾಲು ಇವ್ರಿಗೆ ವಾಪಸ್ ಕೊಡು. ಯಾರ ತೋಳೂ ಹಿಡೀದೆ ತಾವೇ ನಡ್ಕೊಂಡ್ ಬಂದು ನಿನ್ನ ಮುಂದೆ ನಿಂತ್ಕೊಳ್ಳೋ ಹಂಗ್ ಮಾಡು.”

ಅಂದಿನಿಂದ ಮಂಗಳವಾರ, ಶುಕ್ರವಾರ ತಪ್ಪದೆ ತೊಟ್ಟಿಗೆ ಅರಿಶಿನ ಕುಂಕುಮ ಬೀಳುತ್ತಿತ್ತು, ಹಿತ್ತಿಲಿನ ಕಣಗಿಲೆ ಹೂವು ತೇಲುತ್ತಿತ್ತು.

ನೀರಿನಲ್ಲಿ ಕೊಂಡಪ್ಪ ಬೇರೆಯೇ ಮನುಷ್ಯ. ಪ್ರಾಯದಲ್ಲಿ ತುಂಬಿದ ಕೆರೆಯನ್ನು ಈಚೆ ದಡದಿಂದ ಆಚೆ ದಡಕ್ಕೆ ಈಜಿದವರು. ಜಗುಲಿಯ ಮೇಲೆ ಮುದುಡಿ ಕೂರುತ್ತಿದ್ದವರು ಮೆಟ್ಟಿಲಿಳಿದು ನೀರು ಎದೆಗೆ ಬಂದ ಕೂಡಲೇ ನೆಟ್ಟಗಾಗುತ್ತಿದ್ದರು. ಬೈರಣ್ಣ ತೋಳು ಹಿಡಿದು ಇಳಿಸಿದರೆ ಸಾಕು, ಆಮೇಲೆ ಗೋಡೆಯುದ್ದಕ್ಕೂ ಅವರೇ ನಡೆಯುತ್ತಿದ್ದರು. ದೀಪಾವಳಿ ಹೊತ್ತಿಗೆ ಪೈಪು ಬಿಟ್ಟು ನಡೆದರು. ಸಂಕ್ರಾಂತಿ ಹೊತ್ತಿಗೆ ನೆಲದ ಮೇಲೂ, ಗೋಡೆ ಹಿಡಿದು, ಜಗುಲಿಯಿಂದ ಕೊಟ್ಟಿಗೆಯ ಕಂಬದವರೆಗೆ ಹೋಗಿ ಬಂದರು. ಅಂದು ಮುನಿತಾಯಮ್ಮ ಯಾರಿಗೂ ಹೇಳದೆ ಪಾಯಸ ಮಾಡಿದಳು. ಯಾಕೆ ಪಾಯಸ ಎಂದು ಯಾರೂ ಕೇಳಲಿಲ್ಲ.

ಆದರೆ ತೊಟ್ಟಿಯ ನೀರು ನಿಂತ ನೀರು. ಬಿಸಿಲು ಬಿದ್ದೂ ಬಿದ್ದೂ ಹಸಿರಾಗುತ್ತಿತ್ತು. ಗೋಡೆಗೆ, ಮೆಟ್ಟಿಲಿಗೆ ಪಾಚಿ ಕಟ್ಟುತ್ತಿತ್ತು. ಒಂದು ಸಲ ಕಾಲು ಜಾರಿದರೆ ಮತ್ತೆ ಆಸ್ಪತ್ರೆಯೇ. ಅದಕ್ಕೇ ಎರಡು ಮೂರು ದಿನಕ್ಕೊಮ್ಮೆ ತೂಬು ಎಳೆದು ನೀರೆಲ್ಲ ಹೊರಗೆ ಬಿಟ್ಟು, ತೆಂಗಿನ ನಾರಿನಲ್ಲಿ ಉಜ್ಜಿ, ಹೊಸ ನೀರು ತುಂಬಬೇಕು. ಹೊರಬಿಟ್ಟ ನೀರು ದಿಣ್ಣೆಯ ಮೇಲಿನ ತೋಟಕ್ಕೆ ಹತ್ತಲಾರದು. ಹಿತ್ತಿಲಿನ ನಾಲ್ಕು ಬಾಳೆಗಿಡಗಳು ಅದನ್ನು ಕುಡಿದೂ ಕುಡಿದೂ ಸಾಕಾಗಿ, ಉಳಿದದ್ದು ಹಳ್ಳಕ್ಕೆ ಹೋಗುತ್ತಿತ್ತು.

ಮಳೆ ಸರಿಯಾಗಿದ್ದ ಕಾಲದಲ್ಲಿ ಇದೆಲ್ಲ ನಡೆಯಿತು. ಬಿಲ್ಲು ಬಂದಾಗ ಬೈರಣ್ಣ ಗೊಣಗುತ್ತಿದ್ದ, ಕಟ್ಟುತ್ತಿದ್ದ. ಆದರೆ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಬೇಕಾಗಿದ್ದ ಆ ವರ್ಷದ ಬೇಸಿಗೆಯಲ್ಲಿ ಕರೆಂಟಿಗೇ ಬರ ಬಂತು. ದೂರದ ಶರಾವತಿಯಲ್ಲಿ ನೀರು ಇಳಿದಿದೆಯಂತೆ, ಅದಕ್ಕೇ ಇಲ್ಲಿ ಕಂಬದಲ್ಲಿ ಕರೆಂಟಿಲ್ಲವಂತೆ ಎಂದು ಜನ ಮಾತಾಡಿಕೊಂಡರು. ಎಲ್ಲಿಯ ನೀರು ಎಲ್ಲಿಯ ನೀರನ್ನು ಮೇಲೆತ್ತುತ್ತಿತ್ತು ಎಂದು ಮುನಿತಾಯಮ್ಮನಿಗೆ ಅಂದೇ ತಿಳಿದದ್ದು. ಅಷ್ಟು ದೂರದ ಗಂಗಮ್ಮನಿಗೂ ಮನಸ್ಸಿನಲ್ಲೇ ಒಂದು ಕೈ ಮುಗಿದಳು.

ಒಂದು ಮಧ್ಯಾಹ್ನ ಬೈರಣ್ಣ ಪಂಪ್‌ಹೌಸಿನಿಂದ ಬಂದವನು ಟವೆಲನ್ನು ಜಗುಲಿಗೆ ಎಸೆದು ಕುಳಿತ.

“ಅವ್ವಾ, ಇವತ್ತು ಕರೆಂಟು ಬಂದಿದ್ದೂ ಗೊತ್ತಾಗ್ಲಿಲ್ಲ, ಹೋಗಿದ್ದೂ ಗೊತ್ತಾಗ್ಲಿಲ್ಲ. ಬಂದಷ್ಟೂ ಹೊತ್ತು ತೊಟ್ಟಿ ತುಂಬಿಸ್ದೆ. ತೋಟಕ್ಕೆ ಒಂದು ಹನಿ ಹತ್ಲಿಲ್ಲ.”

“ನಾಳೆ ಹತ್ತುಸ್ಕೊಳ್ಳಪ್ಪ.”

“ನಾಳೆ, ನಾಡಿದ್ದು ಅಂತ ಕಾಯಕ್ಕೆ ದ್ರಾಕ್ಷಿ ಏನು ನೆಂಟ್ರಾ? ಕಾಯಿ ರಸ ತುಂಬ್ಕೊಳ್ಳೋ ಹೊತ್ತು. ಈಗ ನೀರಿಲ್ಲ ಅಂದ್ರೆ ಗೋಲಿ ಆಡಕ್ಕೆ ಕೊಡ್ಬೇಕಷ್ಟೆ.” ಟವೆಲನ್ನು ಮತ್ತೆ ಎತ್ತಿಕೊಂಡು ಮುಖ ಒರೆಸಿಕೊಳ್ಳುತ್ತಾ ಹೇಳಿದ: “ನೋಡು, ಒಂದು ದಾರಿ ಐತೆ. ನಮ್ಮ ದ್ರಾಕ್ಷಿ ತಗೊಳ್ಳೋ ಬೆಂಗಳೂರಿನ ಸಾಹುಕಾರ್ರ ಬಂಗ್ಲೇಲಿ ಈಜುಕೊಳ ಐತಲ್ಲ, ಅವ್ರಿಗೂ ಇದೇ ಗೋಳು. ಇಳೀದೆ ಇರೋ ಹೊತ್ನಲ್ಲಿ ಕೊಳಾನೇ ಮುಚ್ಚಿಬಿಟ್ಟವ್ರೆ. ಬಿಸ್ಲು ಬೀಳಲ್ಲ, ಪಾಚಿ ಕಟ್ಟಲ್ಲ, ನೀರು ಬದಲಾಯಿಸೋದೂ ಬೇಕಿಲ್ಲ, ಮೋಟ್ರು ಓಡ್ಸೋದೂ ಬೇಕಿಲ್ಲ. ನಾವೂ ತೊಟ್ಟಿ ಮುಚ್ಚೋಣ.”

ಮುನಿತಾಯಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದವಳು ಕೈ ನಿಲ್ಲಿಸಿದಳು.

“ಏನು ಮುಚ್ಚೋದು? ಪೂಜೆ ಮಾಡಿ ಇಳಿಸ್ಕೊಂಡಿರೋ ಗಂಗಮ್ಮನ ಮುಖಕ್ಕೆ ಮುಸುಕು ಹಾಕ್ತೀಯಾ? ಮುಖಕ್ಕೆ ಬಟ್ಟೆ ಎಳೆಯೋದು ಯಾರಿಗೆ ಅಂತ ನಿಂಗೆ ಗೊತ್ತಿಲ್ವೇನೋ?”

“ಅಯ್ಯೋ ಅವ್ವಾ, ಅಡುಗೆ ಮನೆ ಗುಡಾಣಕ್ಕೆ ತಟ್ಟೆ ಮುಚ್ಚಲ್ವಾ?”

“ಅದು ಕುಡಿಯೋ ನೀರು. ಅದಕ್ಕೆ ನಾನು ಬಳೆ ಬಿಟ್ಟಿದೀನಾ, ಕಣ ಇಟ್ಟಿದೀನಾ? ಇದಕ್ಕೆ ಹರಕೆ ಹೊತ್ತಿದೀನಿ. ಸೂರ್ಯನ ಮುಖ ಕಾಣ್ದಿರೋ ನೀರಲ್ಲಿ ನಿಮ್ಮಪ್ಪನ್ನ ಇಳ್ಸಕ್ಕೆ ನಾನು ಒಪ್ಪಲ್ಲ.”

ಒಳಗಿನಿಂದ ಕೊಂಡಪ್ಪನ ದನಿ ಬಂತು: “ಸಾಹುಕಾರ್ರ ಗೋಳು ನಮ್ಗೂ ಬಂತು ಅಂದ್ರೆ ನಾವೂ ಸಾಹುಕಾರ್ರಾದ್ವಿ ಅಂತಾಯ್ತು ಬುಡು.”

ಯಾರೂ ನಗಲಿಲ್ಲ. ಬೈರಣ್ಣ ಎದ್ದು ನಿಂತ. “ಯುಗಾದಿವರ್ಗೂ ನೋಡ್ತೀನಿ ಅವ್ವ. ಆಮೇಲೆ ತೊಟ್ಟಿಗೆ ನೀರು ಬಿಡಲ್ಲ. ತೋಟ ಒಣಗಿದ್ರೆ ಮನೆ ಮಂದಿಯೆಲ್ಲ ಏನು ತಿನ್ನೋದು, ಪಾಚೀನಾ?”

“ಬಿಡಬೇಡ ಕಣೋ” ಎಂದರು ಕೊಂಡಪ್ಪ ಒಳಗಿನಿಂದಲೇ. “ತೋಟ ಉಳಿಸ್ಕೊ. ನಂಗೆ ಕೊಟ್ಟಿಗೆವರ್ಗೂ ಹೋಗೋ ಕಾಲು ಬಂದೈತೆ. ಅಷ್ಟು ಸಾಕು.”

ಸಾಕು ಎಂದ ಆ ದನಿ ಸಾಕಾದ ದನಿಯಲ್ಲ ಎಂಬುದು ಮುನಿತಾಯಮ್ಮನಿಗೆ ಗೊತ್ತು. ಇಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡವರು. ಗಂಡ ಅತ್ತ ಮುಖ ಮಾಡಿ ಮಾತಾಡಿದರೆ ಅದರ ಅರ್ಥವೇನು ಎಂದು ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇತ್ತ ಗಂಡನ ಕಾಲು, ಅತ್ತ ಮಗನ ತೋಟ. ನಡುವೆ ತಾನು, ತನ್ನ ಗಂಗಮ್ಮ. ಮೊರದಲ್ಲಿ ರಾಗಿ ಎಷ್ಟು ಕೇರಿದರೂ ಕಲ್ಲು ಬೇರೆಯಾಗಲಿಲ್ಲ.

ಶಿವಗಂಗೆ ಬೆಟ್ಟಕ್ಕೆ ಹೋಗಿಬಂದರೆ ದಾರಿ ಕಂಡೀತು ಅನ್ನಿಸಿತು. ಮುಂದಿನ ಸೋಮವಾರ ನೆರೆಮನೆಯ ದ್ಯಾವಮ್ಮನನ್ನು ಜೊತೆ ಮಾಡಿಕೊಂಡು ಹೊರಟಳು. ಬೆಂಗಳೂರಿಗೆ ಒಂದು ಬಸ್ಸು, ಅಲ್ಲಿಂದ ನೆಲಮಂಗಲದ ಮೇಲೆ ಇನ್ನೊಂದು. ದ್ಯಾವಮ್ಮ ಎಲೆ ಅಡಿಕೆ ಹಾಕಿಕೊಂಡರೆ ಬೆಟ್ಟದ ತುದಿಯವರೆಗೂ ಬಾಯಿ ಮುಚ್ಚದ ಹೆಂಗಸು.

“ಅಲ್ಲ ಕಣೇ ತಾಯಮ್ಮ, ಇಡೀ ಊರಲ್ಲಿ ಗಂಡನ್ಗೆ ಕಲ್ಯಾಣಿ ಕಟ್ಸಿದವ್ಳು ನೀನೊಬ್ಳೇ. ನಮ್ಮೆಜಮಾನ್ರಿಗೆ ನಾನು ಬಚ್ಚಲಿಗೊಂದು ಕಲ್ಲು ಹಾಕ್ಸಿಲ್ಲ.”

“ನಿಮ್ಮೆಜಮಾನ್ರ ಸೊಂಟ ಗಟ್ಟಿಗೈತೆ, ಸುಮ್ನಿರು.”

“ಸೊಂಟ ಗಟ್ಟಿಗೈತೆ, ಕೆಲ್ಸಕ್ಕೆ ಬಗ್ಗಲ್ಲ ಅಷ್ಟೆ.”

ಮುಂದಿನ ಸೀಟಿನವರೂ ನಕ್ಕರು. ಮುನಿತಾಯಮ್ಮನೂ ಸೆರಗು ಬಾಯಿಗೆ ಹಿಡಿದುಕೊಂಡಳು.

ಗಂಗಾಧರನ ಗುಡಿಯೊಳಗೆ ಹೋಗುವ ಹೊತ್ತಿಗೆ ಸರಿಯಾಗಿ ಅರ್ಚಕರು ನೈವೇದ್ಯಕ್ಕೆಂದು ತೆರೆ ಎಳೆದರು. ಜನ ಕೈಮುಗಿದು ಅಲ್ಲೇ ನಿಂತರು. ಒಳಗೆ ಗಂಟೆಯ ಸದ್ದು, ಹೊರಗೆ ಕಾಯುವವರ ಉಸಿರು. ಒಬ್ಬಳು ತಾಯಿ ಕಂಕುಳಿನ ಮಗುವಿಗೆ ಹೇಳುತ್ತಿದ್ದಳು: “ಸ್ವಾಮಿ ಊಟ ಮಾಡ್ತಾವ್ನೆ, ಈಗ ಬಾಗ್ಲು ತೆಗೀತಾನೆ, ಇರು.” ತೆರೆ ಸರಿದಾಗ ಆರತಿಯ ಬೆಳಕಿನಲ್ಲಿ ಲಿಂಗ ಹೊಸದಾಗಿ ಕಂಡಿತು. ಮುನಿತಾಯಮ್ಮ ತನಗೆ ಬೇಕಾದದ್ದನ್ನು ಬೇಡಿಕೊಂಡು ಹೊರಬಂದಳು. ದಾರಿಯೇನೂ ಕಾಣಲಿಲ್ಲ.

ಆಮೇಲೆ ಬೆಟ್ಟ ಹತ್ತಿದರು. ಅರ್ಧದಲ್ಲಿ ಒಳಕಲ್ಲು ತೀರ್ಥ. ಬಂಡೆಯಲ್ಲಿ ಒರಳಿನಂಥ ಒಂದು ಕುಳಿ, ಅದರ ತಳದಲ್ಲೆಲ್ಲೋ ನೀರು. ಬಗ್ಗಿ ತೋಳು ಒಳಗೆ ಬಿಡಬೇಕು. ಪುಣ್ಯವಿದ್ದವರಿಗೆ ನೀರು ಸಿಗುತ್ತದೆ ಎಂದು ನಂಬಿಕೆ. ಸಿಗದವರು ಪೆಚ್ಚಾಗಿ ಎದ್ದು, ನನ್ನ ತೋಳೇ ಗಿಡ್ಡ ಎನ್ನುತ್ತಾರೆ. ದ್ಯಾವಮ್ಮ ಮೊದಲು ಬಗ್ಗಿದಳು, “ಸಿಕ್ತು, ಸಿಕ್ತು, ನಮ್ಮಪ್ಪ!” ಎಂದು ಒದ್ದೆ ಬೆರಳನ್ನು ಎಲ್ಲರಿಗೂ ತೋರಿಸಿದಳು.

ಮುನಿತಾಯಮ್ಮ ಮಂಡಿಯೂರಿ ತೋಳು ಬಿಟ್ಟಳು. ಬೆರಳಿಗೆ ಬರೀ ಕಲ್ಲು ತಗುಲಿತು. ಇನ್ನೂ ಬಗ್ಗಿ ಕೆನ್ನೆಯನ್ನು ಬಂಡೆಗೆ ಒತ್ತಿದಳು. ಆಗ ಬೆರಳ ತುದಿಗೆ ನೀರು ಮುಟ್ಟಿತು. ತಣ್ಣಗೆ, ನುಣ್ಣಗೆ. ಬೆರಳಲ್ಲೇ ಎರಡು ಹನಿ ಎತ್ತಿ ಕಣ್ಣಿಗೊತ್ತಿಕೊಂಡಳು. ಹಸಿರಿಲ್ಲ, ನಾತವಿಲ್ಲ, ಈಗ ತಾನೇ ಹುಟ್ಟಿದ ಹಾಗಿತ್ತು. ಬಗ್ಗಿ ಮತ್ತೊಮ್ಮೆ ಕುಳಿಯೊಳಗೆ ನೋಡಿದಳು. ಕತ್ತಲೆ. ತನ್ನ ತಾಯಿ, ತಾಯಿಯ ತಾಯಿ ಬಂದು ಕೈಯಿಟ್ಟ ಕಾಲದಿಂದಲೂ ಈ ನೀರು ಸೂರ್ಯನ ಮುಖ ಕಂಡಿಲ್ಲ. ಯಾರೂ ಇದನ್ನು ಬದಲಾಯಿಸಿಲ್ಲ, ಉಜ್ಜಿಲ್ಲ. ಆದರೂ ಇದು ತೀರ್ಥ.

“ಸಿಕ್ತೇನೇ?” ಹಿಂದಿನಿಂದ ದ್ಯಾವಮ್ಮ.

“ಸಿಕ್ತು.”

“ಮತ್ಯಾಕೆ ಹಂಗ್ ಕೂತ್ಬಿಟ್ಟೆ? ಹಿಂದೆ ಜನ ಕಾಯ್ತಾವ್ರೆ ಏಳೇ.”

“ಒಳಗೆ ಕತ್ತಲೆ ಕಣೇ ದ್ಯಾವಿ” ಎಂದಳು ಮುನಿತಾಯಮ್ಮ, ಏಳುತ್ತಾ. “ಗಂಗಮ್ಮ ಕತ್ತಲೇಲೇ ಕೂತವ್ಳೆ.”

ದ್ಯಾವಮ್ಮನಿಗೆ ಅರ್ಥವಾಗಲಿಲ್ಲ. ಬೆಟ್ಟ ಹತ್ತಿದ ಆಯಾಸವಿರಬೇಕೆಂದು ಕಡಲೆಪುರಿ ಕೊಟ್ಟಳು.

ವಾಪಸಾಗುವಾಗ ಬಸ್ಸಿನ ಕಿಟಕಿಯ ಪಕ್ಕ ಕುಳಿತ ಮುನಿತಾಯಮ್ಮ ತನ್ನ ಬೆರಳ ತುದಿ ನೋಡಿಕೊಂಡಳು. ತೆರೆ ಎಳೆದದ್ದು ನೆನಪಾಯಿತು. ಸ್ವಾಮಿಗೆ ತೆರೆ ಎಳೆದಾಗ ಅದು ಹೆಣದ ಮುಸುಕು ಎಂದು ಯಾರಿಗಾದರೂ ಅನ್ನಿಸಿತೇ? ಆ ಕಂಕುಳ ಮಗುವಿಗೂ ಅನ್ನಿಸಲಿಲ್ಲ. ತನಗೇಕೆ ಅನ್ನಿಸಿತು? ಗಂಡ ಮೆದೆಯಿಂದ ಬಿದ್ದ ದಿನ ನಾಲ್ಕು ಜನ ಎತ್ತಿ ತಂದು ಮಲಗಿಸಿದಾಗ, ಯಾರೋ ಬಿಸಿಲು ಬೀಳದಿರಲೆಂದು ಮುಖದ ಮೇಲೆ ಟವೆಲು ಹಾಕಿದ್ದರು. ಅದನ್ನು ಕಂಡು ತಾನು ಕಿರುಚಿದ್ದು ಈಗಲೂ ಕಿವಿಯಲ್ಲಿತ್ತು. ಗಂಗಮ್ಮನಿಗೂ ಮುಸುಕಿಗೂ ಜಗಳವಿರಲಿಲ್ಲ. ಜಗಳವಿದ್ದದ್ದು ತನಗೆ.

ಮಾರನೆಯ ದಿನ ಬೆಳಿಗ್ಗೆಯೇ ತೆಂಗಿನ ಗರಿ ಕಡಿಸಿದಳು. ಸೊಸೆಯನ್ನು ಕೂರಿಸಿಕೊಂಡು ತಡಿಕೆ ಹೆಣೆಯಲು ಶುರುಮಾಡಿದಳು. ಬೈರಣ್ಣ ತೋಟಕ್ಕೆ ಹೊರಟವನು ಹೊಸ್ತಿಲಲ್ಲೇ ನಿಂತ.

“ಏನವ್ವಾ, ಚಪ್ಪರ ಹಾಕ್ತಿದ್ದೀಯ? ಯಾರಿಗೆ ಮದ್ವೆ?”

“ತೊಟ್ಟಿಗೆ.”

“ಮುಸುಕು ಹಾಕಬಾರ್ದು ಅಂದೆ?”

“ಮುಸುಕಲ್ಲ ಕಣೋ, ಬಾಗ್ಲು. ನೋಡ್ತಾ ನಿಂತ್ಕೋಬೇಡ, ಆ ಗಳ ಎತ್ಕೊಂಡ್ ಬಾ.”

ಬೈರಣ್ಣ ಬಿದಿರಿನ ಗಳಗಳನ್ನು ತಂದ. ತೊಟ್ಟಿಯ ಅಗಲಕ್ಕೆ ಗಳ ಹಾಸಿ, ಮೇಲೆ ತಡಿಕೆ ಕಟ್ಟಿದರು. ಗರಿಯ ಚೂರು ನೀರಿಗೆ ಉದುರತೊಡಗಿದಾಗ ಒಳಗಡೆಗೆ ಗೋಣಿತಟ್ಟು ಹೊಲಿದರು. ಬೇಕೆಂದಾಗ ಒಬ್ಬರೇ ಎತ್ತಿ ಪಕ್ಕಕ್ಕೆ ಸರಿಸಬಹುದಾದಷ್ಟು ಹಗುರವಾಗಿ, ತುಂಡು ತುಂಡಾಗಿ ಮಾಡಿದರು.

ಮೊದಲ ಪ್ರಯತ್ನ ಎಡವಟ್ಟಾಯಿತು. ಮುಚ್ಚುವುದೆಂದರೆ ಪೂರ್ತಿ ಮುಚ್ಚುವುದೆಂದು ಇಡೀ ದಿನ ಬಿಸಿಲು ತಾಗದಂತೆ ಇಟ್ಟಳು. ನೀರೇನೋ ತಿಳಿಯಾಗಿಯೇ ಇತ್ತು. ಆದರೆ ಮರುದಿನ ಬೆಳಿಗ್ಗೆ ಅದರಲ್ಲಿ ಇಳಿದ ಕೊಂಡಪ್ಪ ಎರಡು ಹೆಜ್ಜೆಗೇ ಹಲ್ಲು ಕಟಕಟ ಎನ್ನಿಸುತ್ತಾ ಹೊರಬಂದರು. ಪೆಟ್ಟಾದ ಸೊಂಟ ಬಿಗಿದುಕೊಂಡಿತ್ತು.

“ಲೇ, ಗಂಗಮ್ಮನ್ನ ಉಳ್ಸಕ್ಕೆ ಹೋಗಿ ನನ್ನ ಕಳಿಸ್ತೀಯೇನೇ?”

ಮುನಿತಾಯಮ್ಮ ಅವರ ಬೆನ್ನಿಗೆ ಟವೆಲು ಹೊದಿಸುತ್ತಾ ಯೋಚಿಸಿದಳು. ಗುಡಿಯಲ್ಲಿ ತೆರೆ ಎಳೆದದ್ದನ್ನು ನೋಡಿ ಬಂದಿದ್ದಳು, ತೆರೆ ತೆಗೆದದ್ದನ್ನು ಮರೆತಿದ್ದಳು. ಸದಾ ಮುಚ್ಚಿದ ಗುಡಿ ಯಾವುದಿದೆ? ಪೂಜೆಗೊಂದು ಹೊತ್ತು, ದರ್ಶನಕ್ಕೊಂದು ಹೊತ್ತು, ಬಾಗಿಲು ಹಾಕುವುದಕ್ಕೊಂದು ಹೊತ್ತು.

ಅಂದಿನಿಂದ ತೊಟ್ಟಿಗೂ ಹೊತ್ತು ಗೊತ್ತುಮಾಡಿದಳು. ಬಿಸಿಲು ಹಿತ್ತಿಲಿನ ಗೋಡೆ ದಾಟಿದ ಮೇಲೆ ತಡಿಕೆ ತೆಗೆಯುವುದು. ನೀರು ಎಳೆಬಿಸಿಲು ಕುಡಿದು ಬೆಚ್ಚಗಾದ ಮೇಲೆ ಕೊಂಡಪ್ಪ ಇಳಿಯುವುದು. ಅವರು ನಡೆದು ಮುಗಿಸಿ ಮೇಲೆ ಬಂದ ಕೂಡಲೇ, ಬಿಸಿಲು ಖಾರವಾಗುವ ಮೊದಲು, ಮತ್ತೆ ಮುಚ್ಚುವುದು. ಸಂಜೆ ತಡಿಕೆಯ ಕೆಳಗೆ ಕೈಯಿಟ್ಟರೆ ಬೆಳಗಿನ ಬಿಸುಪು ಇನ್ನೂ ಉಳಿದಿರುತ್ತಿತ್ತು. ಹಳೆಯ ನೀರೇ ಇದ್ದದ್ದರಿಂದ, ಬಾವಿಯಿಂದ ಆಗ ತಾನೇ ಬಂದ ನೀರಿನ ಹಾಗೆ ಮೈ ಕೊರೆಯುತ್ತಲೂ ಇರಲಿಲ್ಲ. ತೆಗೆಯುವಾಗ ಕೈಮುಗಿಯುವಳು, ಮುಚ್ಚುವಾಗ ಕರ್ಪೂರ ಹಚ್ಚುವಳು. ಬೇಲಿಯಾಚೆಯಿಂದ ದ್ಯಾವಮ್ಮ ಕೂಗುವಳು: “ಏನ್ ಪೂಜಾರಮ್ಮ, ಮಂಗ್ಳಾರತಿ ಆಯ್ತಾ? ಪ್ರಸಾದ ಎಲ್ಲಿ?”

ಇನ್ನೊಂದು ಮಾತು ಉಳಿದಿತ್ತು. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಬೈರಣ್ಣನಿಗೆ ಗೊತ್ತಿತ್ತು, ಅವ್ವನ ಪೂಜೆಯ ವಿಷಯವೆಂದು ಬಾಯಿ ಬಿಟ್ಟಿರಲಿಲ್ಲ. ಒಂದು ಶನಿವಾರ ತೂಬಿನ ಬಾಯಿಯ ಜಾಲರಿ ತೊಳೆಯಲು ಮುನಿತಾಯಮ್ಮನೇ ಕೈಹಾಕಿದಳು. ಕೊಳೆತ ಕಣಗಿಲೆ, ಅರಿಶಿನದ ಗಸಿ, ಲೋಳೆಯಾದ ವೀಳ್ಯದೆಲೆ ಕೈಗೆ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಪಾಚಿಗೆ ಬಿಸಿಲೊಂದೇ ಅನ್ನ ಹಾಕುತ್ತಿರಲಿಲ್ಲ. ವಾರಕ್ಕೆರಡು ದಿನ ತಾನೂ ಬಡಿಸುತ್ತಿದ್ದಳು.

ಮುಂದಿನ ಮಂಗಳವಾರ ತೊಟ್ಟಿಯಿಂದ ಒಂದು ತಂಬಿಗೆ ನೀರು ಎತ್ತಿದಳು. ದಂಡೆಯ ಮೇಲೆ ರಂಗೋಲಿ ಹಾಕಿ ತಂಬಿಗೆಯನ್ನಿಟ್ಟು, ಅದಕ್ಕೇ ಅರಿಶಿನ ಕುಂಕುಮ, ಅದಕ್ಕೇ ಹೂವು. ಪೂಜೆ ಮುಗಿದ ಮೇಲೆ ಆ ನೀರನ್ನು ತುಳಸಿಗೆ ಹಾಕಿದಳು. “ತಾಯಿ, ಮನೆ ದೊಡ್ಡದಾದ್ರೂ ಎಡೆ ಇಕ್ಕೋದು ಒಂದೇ ಎಲೇಲಿ ಅಲ್ವಾ? ಇಷ್ಟರಲ್ಲೇ ತೃಪ್ತಿಯಾಗು” ಎಂದಳು. ಗಂಗಮ್ಮ ತೃಪ್ತಿಯಾದಳೆಂದೇ ತೋರುತ್ತದೆ. ಪಾಚಿ ಬರಲೇ ಇಲ್ಲ ಎನ್ನುವಂತಿಲ್ಲ. ಬಂತು, ಆದರೆ ನೆಂಟರ ಹಾಗೆ ಅಪರೂಪಕ್ಕೆ ಬಂತು. ಮೆಟ್ಟಿಲನ್ನು ದಿನವೂ ನಾರಿನಲ್ಲಿ ಒಂದು ಸುತ್ತು ಉಜ್ಜಿದರೆ ಸಾಕಾಗುತ್ತಿತ್ತು.

ಯುಗಾದಿ ಬಂತು, ಹೋಯಿತು. ತೊಟ್ಟಿಗೆ ನೀರು ನಿಲ್ಲಿಸುವ ಮಾತನ್ನು ಬೈರಣ್ಣ ಎತ್ತಲಿಲ್ಲ. ಎತ್ತುವ ಕಾರಣವೂ ಇರಲಿಲ್ಲ. ಇಂಗಿದಷ್ಟು, ಮೈಗೆ ಅಂಟಿಕೊಂಡು ಹೋದಷ್ಟು ನೀರನ್ನು ಆಗೀಗ ತುಂಬಿದರಾಯಿತು. ಕರೆಂಟು ಬಂದ ಹೊತ್ತೆಲ್ಲ ಮೋಟಾರು ತೋಟಕ್ಕೇ ಓಡುತ್ತಿತ್ತು. ದ್ರಾಕ್ಷಿ ಗೊಂಚಲು ಕಪ್ಪಾಗಿ ಬಿಗಿದುಕೊಂಡವು. ಹಿತ್ತಿಲಿನ ಬಾಳೆಗಿಡಗಳು ಮಾತ್ರ ಸ್ವಲ್ಪ ಬಾಡಿ, ಆಮೇಲೆ ಬೇರೆ ಗಿಡಗಳ ಹಾಗೆ ಬದುಕುವುದನ್ನು ಕಲಿತವು. ಕರೆಂಟ್ ಬಿಲ್ಲು ಬಂದ ದಿನ ಬೈರಣ್ಣ ಅದನ್ನು ಓದಿ, ಏನೂ ಬೈಯದೆ ಗೋಡೆಯ ಗೂಡಿಗೆ ಸಿಕ್ಕಿಸಿ ಊಟಕ್ಕೆ ಕೂತ. ಅವನು ಬೈಯದೆ ಊಟಕ್ಕೆ ಕೂತದ್ದೇ ದೊಡ್ಡ ಸುದ್ದಿಯೆಂದು ಸೊಸೆ ಅಡುಗೆ ಮನೆಯಲ್ಲಿ ಅತ್ತೆಗೆ ಪಿಸುಗುಟ್ಟಿದಳು.

ಒಂದು ಬೆಳಿಗ್ಗೆ ಹಸು ಒದೆಯುತ್ತಿದ್ದರಿಂದ ಹಾಲು ಕರೆಯುವುದು ತಡವಾಯಿತು. ಮುನಿತಾಯಮ್ಮ ಚೊಂಬು ಒಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ತಡಿಕೆ ತೆಗೆಯಲು ಹಿತ್ತಿಲಿಗೆ ಓಡಿದಳು. ಬಿಸಿಲು ಆಗಲೇ ಗೋಡೆ ದಾಟಿತ್ತು. ಬೈರಣ್ಣ ತೋಟದಲ್ಲಿ, ಸೊಸೆ ಒಲೆಯ ಮುಂದೆ. ತಡಿಕೆಗಳೆಲ್ಲ ಒಂದರ ಮೇಲೊಂದು ಒಪ್ಪವಾಗಿ ಗೋಡೆಗೆ ಒರಗಿದ್ದವು. ತೊಟ್ಟಿಯ ದಂಡೆಯ ಮೇಲೆ, ನೀರಿಗೆ ಇನ್ನೂ ಇಳಿಯದೆ, ಒಣ ಮೈಯಲ್ಲಿ, ಯಾವುದನ್ನೂ ಹಿಡಿಯದೆ ಕೊಂಡಪ್ಪ ನಿಂತಿದ್ದರು.

ಅವಳ ಓಟ ಅಲ್ಲೇ ನಿಂತಿತು. ಕೊಂಡಪ್ಪನೇ ತಿರುಗಿ ನೋಡಿದರು.

“ಪೂಜಾರಮ್ಮ ತಡ ಮಾಡಿದ್ರೆ ಭಕ್ತರು ಎಷ್ಟೊತ್ತು ಕಾಯೋದು? ನಾನೇ ಬಾಗ್ಲು ತೆಗೆದೆ.”

“ಯಾರು... ಯಾರು ಕರ್ಕೊಂಡ್ ಬಂದ್ರು?”

“ಯಾರ್ ಕರ್ಕೊಂಡ್ ಬರ್ತಾರೆ? ಬಂದೆ.”

ಮುನಿತಾಯಮ್ಮ ನೀರಿನತ್ತ ನೋಡಿದಳು. ತಳದ ಗಾರೆ ಕಾಣುವಷ್ಟು ತಿಳಿಯಾಗಿತ್ತು. ಮಾಡಿಕೊಂಡ ಹರಕೆ ಇಷ್ಟೇ ಆಗಿತ್ತು: ಯಾರ ತೋಳೂ ಹಿಡಿಯದೆ ತಾವೇ ಬಂದು ಮುಂದೆ ನಿಲ್ಲಬೇಕು. ಒಳಗೆ ಓಡಿಹೋಗಿ ತೆಂಗಿನಕಾಯಿ ತಂದು ಅವರ ಕೈಗೆ ಕೊಟ್ಟಳು. ಕೊಂಡಪ್ಪ ಅದನ್ನು ಮೆಟ್ಟಿಲ ಕಲ್ಲಿಗೆ ಒಡೆಯಲು ಕೈಯೆತ್ತಿದರು.

“ತಡೀರಿ, ತಡೀರಿ!” ಎಂದಳು ಮುನಿತಾಯಮ್ಮ. “ಅಲ್ಲಿ ಬೇಡ, ಕಾಯಿ ನೀರು ತೊಟ್ಟಿಗೆ ಬೀಳುತ್ತೆ. ಈಚೆ ಕಲ್ಲಿಗೆ ಒಡೀರಿ.”

ಕೊಂಡಪ್ಪ ನಕ್ಕು, ಈಚೆ ಕಲ್ಲಿನವರೆಗೆ ನಡೆದು ಬಂದರು.